ಮಾರ್ಕೋಸ್ ಮನೆಯ ಹುಡುಗನಿಗೆ 2031 ಯಾಕೆ ಮುಖ್ಯ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿದ್ದೇನೆ. ನಮ್ಮ ಟೀಮಿನ ಅರ್ಧ ಜನ ಫಿಲಿಪ್ಪೀನ್ಸ್‌ನ ಮನಿಲಾದವರು. ಸದ್ಯದಲ್ಲೇ ಎರಡು ವರ್ಷಕ್ಕೆ ನಾನೂ ಅಲ್ಲಿಗೆ ಹೋಗುತ್ತಿದ್ದೇನೆ. ಸ್ಯಾಂಡ್ರೊ ಮಾರ್ಕೋಸ್ ಹೆಸರು ಬಂದರೆ ಸಾಕು, ಅಲ್ಲಿಯ ಇಬ್ಬರು ಸಹೋದ್ಯೋಗಿಗಳು ಕಾಲ್‌ನಲ್ಲೇ ಜಟಾಪಟಿಗೆ ಬೀಳುತ್ತಾರೆ. ಒಬ್ಬರು ಲಾವಾಗ್ ಊರಿನವರು. "ಚೆನ್ನಾಗಿ ಓದಿದ ಹುಡುಗ, ಊರಿಗೆ ಕೆಲಸ ಮಾಡುತ್ತಾನೆ" ಅನ್ನುತ್ತಾರೆ. ಇನ್ನೊಬ್ಬಳು 2025ರ ಸೆಪ್ಟೆಂಬರ್ 21ರ ಪ್ರತಿಭಟನೆಗೆ ಹೋಗಿದ್ದವಳು. "ಅಪ್ಪ ದೇಶದ ಅಧ್ಯಕ್ಷ, ಮಗ ಸದನದ ನಾಯಕ. ಇದಕ್ಕೆ ಸಂವಿಧಾನದಲ್ಲೇ ನಿಷೇಧ ಇದೆ" ಅನ್ನುತ್ತಾಳೆ. ನಿಷೇಧ ಇದ್ದರೆ ಅವರು ಅಲ್ಲಿ ಹೇಗಿದ್ದಾರೆ? ಅಪ್ಪನ ಸೀಟಿನಲ್ಲಿ ಸುಮ್ನೆ ಹೋಗಿ ಕೂತರಾ? ಮುಂದೆ ಅಧ್ಯಕ್ಷರೂ ಆಗುತ್ತಾರಾ? ಅಲ್ಲಿಗೆ ಹೋದ ಮೇಲೆ ಇಂಥ ಮಾತಿನಲ್ಲಿ ನಾನು ಎಷ್ಟರ ಮಟ್ಟಿಗೆ ತಲೆ ಹಾಕಬಹುದು?

ಉತ್ತರ: ಆಗ್ನೇಯ ಏಷ್ಯಾದ ರಾಜಕೀಯ ಪಾಠ ಮಾಡಿಕೊಂಡು ಬದುಕುವವನು ನಾನು. ಈ ಜಗಳ ನನಗೆ ಹೊಸದಲ್ಲ. ಕ್ಲಾಸಿನಲ್ಲಿ ಕೇಳಿದ್ದೇನೆ. ಮಾರ್ಕೋಸ್ ಕುಟುಂಬದ ಊರಾದ ಬಾಟಾಕ್‌ನಲ್ಲಿ, ಕಿತ್ತಳೆ ಬಣ್ಣದ ಎಂಪನಾಡ ಕರಿಯುವ ಅಂಗಡಿಯ ಮುಂದೆ ನಿಂತೂ ಕೇಳಿದ್ದೇನೆ. ನಿಮ್ಮ ಇಬ್ಬರು ಸಹೋದ್ಯೋಗಿಗಳೂ ಅರ್ಧ ಸರಿ ಇದ್ದಾರೆ. ನೀವು ಕೇಳಿದ್ದರ ಹಿಂದೆ ಇನ್ನೊಂದು ಆತಂಕವೂ ಇದೆ ಅನ್ನಿಸಿತು. ಎರಡು ವರ್ಷ ಇರಬೇಕಾದ ಊರಿನಲ್ಲಿ ಏನೋ ಒಂದು ಮಾತಾಡಿ ಯಾರನ್ನಾದರೂ ನೋಯಿಸಿಬಿಟ್ಟರೆ ಅಂತ ತಾನೆ? ಅದಕ್ಕೂ ಬರುತ್ತೇನೆ.

ಮೊದಲು ಮನುಷ್ಯನ ಪರಿಚಯ. ಪೂರ್ತಿ ಹೆಸರು ಫರ್ಡಿನಾಂಡ್ ಅಲೆಕ್ಸಾಂಡರ್ ಅರಾನೆಟಾ ಮಾರ್ಕೋಸ್. ಹುಟ್ಟಿದ್ದು 1994ರ ಮಾರ್ಚ್ 7. ಈಗಿನ ಅಧ್ಯಕ್ಷ ಬಾಂಗ್‌ಬಾಂಗ್ ಮಾರ್ಕೋಸ್ ಅವರ ಮೂವರು ಗಂಡುಮಕ್ಕಳಲ್ಲಿ ಹಿರಿಯವರು. 1965ರಿಂದ 1986ರವರೆಗೆ ದೇಶ ಆಳಿದ, 1972ರಲ್ಲಿ ಸೇನಾಡಳಿತ ಹೇರಿದ ಫರ್ಡಿನಾಂಡ್ ಮಾರ್ಕೋಸ್ ಅವರ ಮೊಮ್ಮಗ. ಓದಿದ್ದು ಇಂಗ್ಲೆಂಡಿನಲ್ಲಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸ್ನಾತಕೋತ್ತರ ಪದವಿಯವರೆಗೆ. 2022ರಲ್ಲಿ, 28ನೇ ವಯಸ್ಸಿಗೆ, ಇಲೋಕೋಸ್ ನಾರ್ಟೆ ಪ್ರಾಂತ್ಯದ ಮೊದಲನೇ ಕ್ಷೇತ್ರದಿಂದ ಕೆಳಮನೆಗೆ ಗೆದ್ದರು. 2025ರ ಜುಲೈ 28ಕ್ಕೆ ಅದೇ ಮನೆಯ ಮೆಜಾರಿಟಿ ಲೀಡರ್, ಅಂದರೆ ಬಹುಮತದ ಬಣದ ನಾಯಕ, ಆದರು. ಆಗ 31 ವರ್ಷ. ಅದೇ ದಿನ ಅದೇ ಸಭೆಗೆ ಬಂದು ವಾರ್ಷಿಕ ಭಾಷಣ ಮಾಡಿದ್ದು ಅವರ ಅಪ್ಪ. ಪ್ರವಾಹ ತಡೆ ಕಾಮಗಾರಿಗಳ ದುಡ್ಡು ನುಂಗಿದವರಿಗೆ "ಮಹಿಯಾ ನಮನ್ ಕಾಯೋ" ಅಂದರು. ನಿಮಗೆ ಸ್ವಲ್ಪ ನಾಚಿಕೆಯಾಗಲಿ ಎಂದರ್ಥ. ನಿಮ್ಮ ಸಹೋದ್ಯೋಗಿ ಹೋದ ಸೆಪ್ಟೆಂಬರ್ ಪ್ರತಿಭಟನೆ ಶುರುವಾಗಿದ್ದೇ ಆ ಕಾಮಗಾರಿಗಳ ಹಗರಣದಿಂದ. ಸೆಪ್ಟೆಂಬರ್ 21 ಅನ್ನೋ ದಿನವೂ ಸುಮ್ನೆ ಆರಿಸಿದ್ದಲ್ಲ. ಅಜ್ಜ ಸೇನಾಡಳಿತ ಘೋಷಿಸಿದ ತಾರೀಖು ಅದು.

ಈಗ ನಿಷೇಧದ ಮಾತು. ನಿಮ್ಮ ಸಹೋದ್ಯೋಗಿ ಹೇಳಿದ್ದು ಸುಳ್ಳಲ್ಲ. 1986ರಲ್ಲಿ ಜನ ಬೀದಿಗಿಳಿದು ಮಾರ್ಕೋಸ್ ಕುಟುಂಬವನ್ನು ದೇಶ ಬಿಡಿಸಿದರು. ಮರುವರ್ಷ ಹೊಸ ಸಂವಿಧಾನ ಬಂತು. ಅದರ ಎರಡನೇ ವಿಧಿಯ 26ನೇ ಕಲಂ ಸಾರ್ವಜನಿಕ ಸೇವೆಯ ಅವಕಾಶ ಎಲ್ಲರಿಗೂ ಸಮಾನವಾಗಿರಲಿ, ರಾಜಕೀಯ ವಂಶಗಳನ್ನು ನಿಷೇಧಿಸಬೇಕು ಎನ್ನುತ್ತದೆ. ಆದರೆ ಅದೇ ವಾಕ್ಯದ ಕೊನೆಯಲ್ಲಿ ಒಂದು ಬಾಲ ಇದೆ: "ಕಾನೂನು ವ್ಯಾಖ್ಯಾನಿಸಿದ ಹಾಗೆ". ರಾಜಕೀಯ ವಂಶ ಅಂದರೆ ಏನು ಅಂತ ಸಂಸತ್ತು ಕಾನೂನು ಮಾಡಿ ಹೇಳಬೇಕು. ಹೇಳುವ ತನಕ ಆ ಕಲಂಗೆ ಹಲ್ಲಿಲ್ಲ. ಆ ಕಾನೂನು ಮಾಡಬೇಕಾದವರು ಯಾರು? ಅದೇ ಕುಟುಂಬಗಳವರು. 2025ರ ಕೊನೆಯವರೆಗೂ ಅದು ಕಾನೂನಾಗಲಿಲ್ಲ. 38 ವರ್ಷ. 2014ರಲ್ಲೊಮ್ಮೆ ಒಂದು ಮಸೂದೆ ಸದನದ ಚರ್ಚೆವರೆಗೆ ಬಂದು ಅಲ್ಲೇ ಕೂತುಬಿಟ್ಟಿತು.

ಇದರಲ್ಲಿ ನನಗೆ ಯಾವಾಗಲೂ ನಗು ತರಿಸುವ ಸಂಗತಿ ಒಂದಿದೆ. ಫಿಲಿಪ್ಪೀನ್ಸ್‌ನ ಪ್ರತಿ ಬರಂಗಾಯ್‌ನಲ್ಲಿ, ಅಂದರೆ ನಮ್ಮ ವಾರ್ಡ್ ಅಥವಾ ಹಳ್ಳಿ ಮಟ್ಟದಲ್ಲಿ, ಯುವಕರ ಮಂಡಳಿ ಇರುತ್ತದೆ. ಸಂಗ್ಗುನಿಯಾಂಗ್ ಕಬಾಟಾನ್ ಅಂತ ಹೆಸರು. ಅಲ್ಲಿ ವಂಶ ನಿಷೇಧ ನಿಜವಾಗಿ ಜಾರಿಯಲ್ಲಿದೆ. 2016ರ ಜನವರಿಯಲ್ಲಿ ಸಹಿಯಾದ ಕಾನೂನಿನ ಪ್ರಕಾರ, ಆ ಊರಿನಲ್ಲಿ ಗೆದ್ದು ಅಧಿಕಾರದಲ್ಲಿರುವವರ ಮಕ್ಕಳು, ಒಡಹುಟ್ಟಿದವರು, ಮೊಮ್ಮಕ್ಕಳು ಅದಕ್ಕೆ ನಿಲ್ಲುವ ಹಾಗಿಲ್ಲ. ಬರಂಗಾಯ್ ಮುಖ್ಯಸ್ಥನ ಮಗಳು ವಾಲಿಬಾಲ್ ಕೋರ್ಟಿಗೆ ನೆಟ್ ಕೊಳ್ಳುವ ಮಂಡಳಿಗೆ ನಿಲ್ಲಬಾರದು. ಅಧ್ಯಕ್ಷರ ಮಗ ದೇಶದ ಬಜೆಟ್ ಪಾಸು ಮಾಡುವ ಸಭೆಗೆ ನಿಲ್ಲಬಹುದು!

ಎರಡನೇ ಪ್ರಶ್ನೆ, ಅಪ್ಪನ ಸೀಟು. ಇಲ್ಲಿ ಲಾವಾಗ್‌ನ ಸಹೋದ್ಯೋಗಿಗೆ ಒಂದು ಅಂಕ ಕೊಡಬೇಕು. ಇಲೋಕೋಸ್ ನಾರ್ಟೆಯಲ್ಲಿ ಎರಡು ಕ್ಷೇತ್ರ. ಬಾಟಾಕ್ ಇರುವುದು ಎರಡನೆಯದರಲ್ಲಿ. ಮಾರ್ಕೋಸ್ ಮನೆತನದ ಗದ್ದುಗೆ ಅದು. ಸ್ಯಾಂಡ್ರೊ ಅವರ ಮುತ್ತಾತ ಮರಿಯಾನೊ 1925ರಲ್ಲಿ ಅಲ್ಲಿಂದ ಗೆದ್ದರು, ಅಜ್ಜ 1949ರಲ್ಲಿ, ಅಪ್ಪ 1992ರಲ್ಲಿ. ಸ್ಯಾಂಡ್ರೊ ನಿಂತಿದ್ದು ಮಾತ್ರ ಲಾವಾಗ್ ನಗರ ಇರುವ ಮೊದಲನೇ ಕ್ಷೇತ್ರದಲ್ಲಿ. ಆಗ ಅಲ್ಲಿದ್ದವರು ರಿಯಾ ಫಾರಿನ್ಯಾಸ್. ಅವರ ಅಪ್ಪ ರೊಡೊಲ್ಫೊ ಫಾರಿನ್ಯಾಸ್ ಅದೇ ಕ್ಷೇತ್ರದಿಂದ ಗೆದ್ದು ಕೆಳಮನೆಯ ಮೆಜಾರಿಟಿ ಲೀಡರ್ ಆಗಿದ್ದವರು. ಗಮನಿಸಿದಿರಾ? ಸೋತವರೂ ವಂಶದವರೇ, ಗೆದ್ದವರೂ ವಂಶದವರೇ. ಆ ಮನೆಯವರು ಏರಿದ್ದ ಹುದ್ದೆಗೆ ಮೂರು ವರ್ಷದಲ್ಲಿ ಈ ಮನೆಯವರು ಏರಿದರು. ಅಪ್ಪ ಬಿಟ್ಟುಕೊಟ್ಟ ಸೀಟು ಖಂಡಿತ ಅಲ್ಲ. ಎದುರಾಳಿ ಮನೆಯ ಅಂಗಳಕ್ಕೆ ಹೋಗಿ ಗೆದ್ದದ್ದು. ಆದರೆ ಅದೇ ಮೇ ತಿಂಗಳ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಅಪ್ಪನ ಹೆಸರಿತ್ತು. ಇಲೋಕೋಸ್ ಜನ ತಮ್ಮ ಊರಿನವರೊಬ್ಬರು ಮತ್ತೆ ಅಧ್ಯಕ್ಷರ ನಿವಾಸವಾದ ಮಲಕನ್ಯಾಂಗ್ ಅರಮನೆಗೆ ಹೋಗುತ್ತಾರೆ ಎಂದು ಹುರುಪಿನಲ್ಲಿದ್ದ ವರ್ಷ ಅದು. ಆ ಗಾಳಿಯಲ್ಲಿ ಹಾರಿದ ಗಾಳಿಪಟಕ್ಕೆ ದಾರ ಎಷ್ಟು ಗಟ್ಟಿ ಅಂತ ಅಳೆಯೋದು ಕಷ್ಟ.

ಮೆಜಾರಿಟಿ ಲೀಡರ್ ಹುದ್ದೆ ಬಗ್ಗೆ ಎರಡು ಮಾತು. ಆ ಮನೆಯಲ್ಲಿ ಯಾವ ಮಸೂದೆ ಯಾವತ್ತು ಚರ್ಚೆಗೆ ಬರಬೇಕು, ಯಾವುದು ಕಡತದಲ್ಲೇ ಮಲಗಬೇಕು ಅನ್ನೋದರ ಕೀಲಿ ಅವರ ಕೈಯಲ್ಲಿರುತ್ತದೆ. ಸದನದ ನಿಯಮಗಳ ಸಮಿತಿಗೆ ಅವರೇ ಮುಖ್ಯಸ್ಥರು. ಭಾಷಣದಲ್ಲಿ ಮಿಂಚುವ ಕೆಲಸ ಅಲ್ಲ, ವೇಳಾಪಟ್ಟಿ ಹಿಡಿದು ಕೂರುವ ಕೆಲಸ. 31 ವರ್ಷಕ್ಕೆ ಇದು ಸಿಕ್ಕಿದ್ದು ಹೇಗೆ? ಆಗ ಸ್ಪೀಕರ್ ಆಗಿದ್ದವರು ಮಾರ್ಟಿನ್ ರೊಮುವಾಲ್ಡೆಜ್. ಅಜ್ಜಿ ಇಮೆಲ್ಡಾ ಅವರ ತಮ್ಮನ ಮಗ, ಅಂದರೆ ಬಾಂಗ್‌ಬಾಂಗ್ ಅವರಿಗೆ ಸೋದರಮಾವನ ಮಗ. ಸಂಸದರಾಗುವ ಮುಂಚೆ ಸ್ಯಾಂಡ್ರೊ ಕೆಲಸ ಕಲಿತದ್ದೂ ಇವರ ಕಚೇರಿಯಲ್ಲೇ. ಕಲಿತರು ಅನ್ನೋದೂ ನಿಜ, ಕಲಿಯಲು ಬಾಗಿಲು ತೆರೆದದ್ದು ಯಾಕೆ ಅನ್ನೋದೂ ನಿಜ. ರೊಮುವಾಲ್ಡೆಜ್ 2025ರ ಸೆಪ್ಟೆಂಬರ್‌ನಲ್ಲಿ ಅದೇ ಪ್ರವಾಹ ಕಾಮಗಾರಿ ಗಲಾಟೆಯ ನಡುವೆ ರಾಜೀನಾಮೆ ಕೊಟ್ಟರು. ಇಸಾಬೆಲಾ ಪ್ರಾಂತ್ಯದ ಡೀ ಮನೆತನದ ಫೌಸ್ಟಿನೊ ಡೀ ಸ್ಪೀಕರ್ ಆದರು. ಸ್ಯಾಂಡ್ರೊ ತಮ್ಮ ಜಾಗದಲ್ಲೇ ಉಳಿದರು.

ಅವರ ಕೆಲಸ ಏನು ಅಂತ ಕೇಳಿದರೆ ನಾನು ಮೂರು ಘಟನೆ ತೋರಿಸುತ್ತೇನೆ. 2022ರ ನವೆಂಬರ್‌ನಲ್ಲಿ ಮಹರ್ಲಿಕಾ ಅನ್ನುವ ಸರ್ಕಾರಿ ಹೂಡಿಕೆ ನಿಧಿಯ ಮಸೂದೆ ಬಂತು. ಮಂಡಿಸಿದವರಲ್ಲಿ ಇವರೂ ಒಬ್ಬರು. ನೌಕರರ ಪಿಂಚಣಿ ನಿಧಿಯಿಂದ ದುಡ್ಡು ತೆಗೆಯುವ ಮಾತು ಮೊದಲ ಕರಡಿನಲ್ಲಿತ್ತು. ಜನ ಕೂಗಾಡಿದ ಮೇಲೆ ಅದನ್ನು ಕೈಬಿಟ್ಟು, 2023ರ ಜುಲೈನಲ್ಲಿ ಕಾನೂನಾಯಿತು. 2025ರ ಫೆಬ್ರವರಿ 5ರಂದು ಉಪಾಧ್ಯಕ್ಷೆ ಸಾರಾ ದುತೆರ್ತೆ ವಿರುದ್ಧ ವಾಗ್ದಂಡನೆಗೆ 215 ಸಂಸದರು ಸಹಿ ಹಾಕಿದರು. ಮೊದಲ ಸಹಿ ಸ್ಯಾಂಡ್ರೊ ಅವರದು. ಉಳಿದವರಿಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ, ಅಲ್ವಾ? ಅಧ್ಯಕ್ಷರ ಮಗನ ಸಹಿ ನೋಡಿದರೆ ಸಾಕಿತ್ತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ವಾಗ್ದಂಡನೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಒಬ್ಬರ ಮೇಲೆ ವರ್ಷಕ್ಕೊಂದೇ ಸಲ ಅನ್ನುವ ನಿಯಮ ಮುರಿದಿದೆ ಅಂತ. ಮೂರನೆಯದು 2025ರ ಡಿಸೆಂಬರ್. ಸ್ಪೀಕರ್ ಡೀ ಜೊತೆ ಸೇರಿ ಸ್ಯಾಂಡ್ರೊ ಅವರೇ ವಂಶ ರಾಜಕೀಯ ತಡೆಯುವ ಮಸೂದೆ ಮಂಡಿಸಿದರು. ಹೌದು, ಇವರೇ. ಅದನ್ನು ಆಮೇಲೆ ಬಿಡಿಸಿ ನೋಡೋಣ.

ಅದಕ್ಕೆ ಮುಂಚೆ ಒಂದು ದೊಡ್ಡ ತಪ್ಪು ಕಲ್ಪನೆ ಸರಿಸಬೇಕು: "ಅಲ್ಲಿಯ ಜನ ದಡ್ಡರು, ಹೆಸರು ನೋಡಿ ಓಟು ಹಾಕುತ್ತಾರೆ". ದಯವಿಟ್ಟು ಈ ಮಾತು ಮನಿಲಾದ ಕ್ಯಾಂಟೀನಿನಲ್ಲಿ ಆಡಬೇಡಿ. ನಮ್ಮೂರಿನ ಕಡೆ ಕೈ ತೋರಿಸಿ ಒಂದು ಪ್ರಶ್ನೆ ವಾಪಸ್ ಕೇಳಿದರೆ ನೀವೂ ನಾನೂ ತಡವರಿಸಬೇಕಾಗುತ್ತದೆ.

ಹೆಸರು ಕೆಲಸ ಮಾಡುವುದಕ್ಕೆ ಗಟ್ಟಿ ಕಾರಣಗಳಿವೆ. 2007ರವರೆಗೆ ಅಲ್ಲಿ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರು ಅಚ್ಚಾಗಿರುತ್ತಿರಲಿಲ್ಲ. ಮತದಾರರೇ ಪೆನ್ನು ಹಿಡಿದು ಹೆಸರು ಬರೆಯಬೇಕಿತ್ತು. ಮೇಲ್ಮನೆಯಾದ ಸೆನೆಟ್ ಒಂದಕ್ಕೇ 12 ಹೆಸರು. ಅದರ ಮೇಲೆ ಸಂಸದ, ಗವರ್ನರ್, ಮೇಯರ್, ಕೌನ್ಸಿಲರ್‌ಗಳು. ಸೆಕೆಯ ಮೇ ತಿಂಗಳಲ್ಲಿ, ಶಾಲೆಯ ಪುಟ್ಟ ಡೆಸ್ಕಿನ ಮೇಲೆ ಬಗ್ಗಿ ಕೂತು ಇಷ್ಟು ಹೆಸರು ಬರೆಯುವಾಗ ನೆನಪಿಗೆ ಬರುವುದು ಯಾವುದು? ಚಿಕ್ಕಂದಿನಿಂದ ಕೇಳಿದ ಮನೆತನದ ಹೆಸರೇ. 2010ರಲ್ಲಿ ಯಂತ್ರ ಬಂತು, ಅಂಡಾಕಾರದ ಗುಳಿ ತುಂಬಿದರೆ ಆಯಿತು. ಅಷ್ಟರಲ್ಲಿ ಎರಡು ತಲೆಮಾರಿಗೆ ಅಭ್ಯಾಸ ಕೂತಾಗಿತ್ತು.

ಇನ್ನೊಂದು ಕಾರಣ ಆಸ್ಪತ್ರೆ ಬಿಲ್ಲು. ಇದು ಹತ್ತಿರದಿಂದ ನೋಡಬೇಕಾದದ್ದು. ಮನೆಯಲ್ಲಿ ಯಾರಿಗೋ ಡಯಾಲಿಸಿಸ್ ಅಂತಿಟ್ಟುಕೊಳ್ಳಿ. ಮಗಳು ಬೆಳಗಿನ ಜಾವ ಎದ್ದು ಡಾಕ್ಟರ್ ಕೊಟ್ಟ ವರದಿ, ಬಿಲ್ಲು, ಗುರುತಿನ ಚೀಟಿಯ ಜೆರಾಕ್ಸ್ ಎಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿಟ್ಟುಕೊಂಡು ಸಂಸದರ ಕಚೇರಿ ಮುಂದೆ ಸಾಲಿನಲ್ಲಿ ನಿಲ್ಲುತ್ತಾಳೆ. ಅಲ್ಲಿ ಸಿಗುವುದು ದುಡ್ಡಲ್ಲ, ಒಂದು ಪತ್ರ. ಗ್ಯಾರಂಟಿ ಲೆಟರ್ ಅನ್ನುತ್ತಾರೆ. ಇಷ್ಟು ಸಾವಿರ ಪೆಸೊ ಸರ್ಕಾರದಿಂದ ಬರುತ್ತದೆ, ಬಿಲ್ಲಿನಲ್ಲಿ ಕಳೆಯಿರಿ ಅಂತ. ದುಡ್ಡು ಆರೋಗ್ಯ ಇಲಾಖೆಯದು, ಅಂದರೆ ಅವಳದ್ದೇ ತೆರಿಗೆ. ಆದರೆ ಅವಳ ನೆನಪಿನಲ್ಲಿ ಉಳಿಯುವುದು ಆ ಪತ್ರ ಕೊಡಿಸಿದವರ ಹೆಸರು. ಬಸ್ ತಂಗುದಾಣ, ಆಂಬುಲೆನ್ಸ್, ಬಾಸ್ಕೆಟ್‌ಬಾಲ್ ಕೋರ್ಟಿನ ಛಾವಣಿ, ಎಲ್ಲ ಕಡೆ ರಾಜಕಾರಣಿಯ ಮುಖ. ಹೀಗೆ ಎಲ್ಲದರಲ್ಲೂ ಮುಖ ತೂರಿಸುವವರಿಗೆ ಅಲ್ಲಿಯ ಜನ "ಎಪಾಲ್" ಅಂತ ಬೈಗುಳದ ಹೆಸರಿಟ್ಟಿದ್ದಾರೆ. ಬೈಯುತ್ತಾರೆ, ಮತ್ತೆ ಸಾಲಿನಲ್ಲೂ ನಿಲ್ಲುತ್ತಾರೆ. ಬೇರೆ ದಾರಿ ಏನಿದೆ? ಪಕ್ಷಗಳು ಅಲ್ಲಿ ಬಹಳ ತೆಳು. ಗೆದ್ದ ಅಧ್ಯಕ್ಷರ ಪಕ್ಷಕ್ಕೆ ಸಂಸದರು ಹಿಂಡು ಹಿಂಡಾಗಿ ಹಾರುತ್ತಾರೆ. ಸ್ಯಾಂಡ್ರೊ ಅವರೇ 2022ರಲ್ಲಿ ನಾಸಿಯೊನಲಿಸ್ಟಾ ಪಕ್ಷದಿಂದ ಗೆದ್ದು ಆಮೇಲೆ ಅಪ್ಪನ ಪಕ್ಷಕ್ಕೆ ಬಂದವರು. ಪಕ್ಷ ಬದಲಾಗುತ್ತಿರುವಾಗ ಮತದಾರನಿಗೆ ಸ್ಥಿರವಾಗಿ ಕಾಣುವುದು ಮನೆತನ ಒಂದೇ.

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣ ಯಾರೂ ಜಾಸ್ತಿ ಮಾತಾಡದ ಒಂದು ವಿಷಯ. ಒಂದೇ ಮನುಷ್ಯ ಕುರ್ಚಿಗೆ ಅಂಟಿಕೊಳ್ಳಬಾರದು ಅಂತ 1987ರ ಸಂವಿಧಾನ ಅವಧಿಗೆ ಮಿತಿ ಹಾಕಿತು. ಸಂಸದ, ಗವರ್ನರ್, ಮೇಯರ್ ಸತತ ಮೂರು ಅವಧಿ ಮಾತ್ರ. ಒಂದೊಂದು ಮೂರು ವರ್ಷ. ಒಟ್ಟು ಒಂಬತ್ತು. ಕೊನೇ ಅವಧಿಯಲ್ಲಿರುವವರನ್ನು ಅಲ್ಲಿ "ಗ್ರಾಜುಯೇಟಿಂಗ್" ಅನ್ನುತ್ತಾರೆ, ಕಾಲೇಜು ಮುಗಿಸುವ ಹುಡುಗರ ಹಾಗೆ! ಈಗ ಇಲೋಕೋಸ್ ನಾರ್ಟೆಯಲ್ಲಿ ಏನಾಯಿತು ನೋಡಿ. ಬಾಂಗ್‌ಬಾಂಗ್ 1998ರಿಂದ 2007 ಗವರ್ನರ್. ಅದೇ 1998ರಿಂದ 2007 ಅಕ್ಕ ಇಮೀ ಸಂಸದೆ. 2010ರಿಂದ 2019 ಇಮೀ ಗವರ್ನರ್. ಅದೇ 2010ರಿಂದ 2019 ಅಮ್ಮ ಇಮೆಲ್ಡಾ ಸಂಸದೆ. ನಾಲ್ಕು ಸಲವೂ ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು. 2019ರಿಂದ ಇಮೀ ಅವರ ಮಗ ಮ್ಯಾಥ್ಯೂ ಗವರ್ನರ್. 2025ರಲ್ಲಿ ಅವರು ಉಪಗವರ್ನರ್ ಕುರ್ಚಿಗೆ ಇಳಿದರು. ಉಪಗವರ್ನರ್ ಆಗಿದ್ದ ಸೆಸಿಲಿಯಾ ಅರಾನೆಟಾ ಮಾರ್ಕೋಸ್ ಗವರ್ನರ್ ಆದರು. ಇವರು ಅಧ್ಯಕ್ಷರ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಲ್ಲಿ ಒಬ್ಬರಾಗಿದ್ದ, ಈಗಿಲ್ಲದ, ಮರಿಯಾನೊ ಅವರ ಹೆಂಡತಿ. ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು ಅನ್ನುವ ನಿಯಮ ಮಾಡಿದರು. ಆ ಇನ್ನೊಬ್ಬರು ಮನೆಯವರೇ ಆದರೆ?

ಅಂಕಿಗಳೂ ಇದನ್ನೇ ಹೇಳುತ್ತವೆ. ಅತೆನೆಯೊ ವಿಶ್ವವಿದ್ಯಾಲಯದಲ್ಲಿದ್ದ ರೊನಾಲ್ಡ್ ಮೆಂಡೋಜ ಮತ್ತು ಅವರ ತಂಡ ಲೆಕ್ಕ ಹಾಕಿದೆ. ಗವರ್ನರ್‌ಗಳಲ್ಲಿ ವಂಶದವರು 2004ರಲ್ಲಿ ಶೇಕಡ 57 ಇದ್ದದ್ದು 2019ಕ್ಕೆ 80. ಸಂಸದರಲ್ಲಿ ಶೇಕಡ 48 ಇದ್ದದ್ದು 67. ಅವರು ವಂಶಗಳನ್ನು ದಪ್ಪ, ತೆಳು ಅಂತ ವಿಂಗಡಿಸುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಬಂದರೆ ತೆಳು. ಒಂದೇ ಕಾಲಕ್ಕೆ ನಾಲ್ಕಾರು ಜನ ಕೂತಿದ್ದರೆ ದಪ್ಪ. ಮಾರ್ಕೋಸ್ ಮನೆತನ ದಪ್ಪದ ಸಾಲಿಗೆ. ಲುಜಾನ್ ದ್ವೀಪದ ಆಚೆಗಿನ ಪ್ರಾಂತ್ಯಗಳಲ್ಲಿ ದಪ್ಪ ವಂಶ ಇದ್ದಲ್ಲಿ ಬಡತನ ಜಾಸ್ತಿ ಅಂತಲೂ ಅವರು ಕಂಡುಕೊಂಡಿದ್ದಾರೆ. ಲುಜಾನ್‌ನಲ್ಲಿ ಆ ನಂಟು ಅಷ್ಟು ಸ್ಪಷ್ಟವಿಲ್ಲ. ಇಲೋಕೋಸ್ ಇರುವುದು ಲುಜಾನ್‌ನಲ್ಲೇ. ಹಾಗಾಗಿ "ನಮ್ಮೂರು ಚೆನ್ನಾಗಿದೆ" ಅಂತ ನಿಮ್ಮ ಸಹೋದ್ಯೋಗಿ ಹೇಳಿದರೆ ಅದು ಬರೀ ಅಭಿಮಾನ ಇರಲಿಕ್ಕಿಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ, ಅಧ್ಯಕ್ಷ ಆಗುತ್ತಾರಾ? ಜಾತಕ ನನಗೆ ಬರುವುದಿಲ್ಲ, ಕ್ಯಾಲೆಂಡರ್ ಓದೋಕೆ ಬರುತ್ತದೆ. ಪೆನ್ನು, ಹಾಳೆ ತೆಗೆದುಕೊಳ್ಳಿ.

ಸಂಸದರಾಗಿ ಗೆದ್ದದ್ದು 2022, 2025. ಇನ್ನೊಂದು ಅವಧಿ ಉಳಿದಿದೆ, 2028. ಗೆದ್ದರೆ 2031ಕ್ಕೆ ಗ್ರಾಜುಯೇಟ್. ಸೆನೆಟ್‌ಗೆ ನಿಲ್ಲಲು ಚುನಾವಣೆಯ ದಿನ 35 ತುಂಬಿರಬೇಕು. 2028ರ ಮೇನಲ್ಲಿ ಅವರಿಗೆ 34 ವರ್ಷ, ಎರಡು ತಿಂಗಳು. ಆಗುವುದಿಲ್ಲ. 2031ರಲ್ಲಿ 37, ಆರಾಮಾಗಿ ನಿಲ್ಲಬಹುದು. ಅತ್ತೆ ಇಮೀ ಸೆನೆಟ್‌ಗೆ 2019ರಲ್ಲಿ, ಮತ್ತೆ 2025ರಲ್ಲಿ ಗೆದ್ದವರು. ಸೆನೆಟರ್‌ಗೆ ಸತತ ಎರಡೇ ಅವಧಿ. ಅವರು ಎದ್ದು ಹೋಗಬೇಕಾದ್ದೂ 2031ಕ್ಕೆ. ಅಂದರೆ ಸೋದರಳಿಯ ಕೆಳಮನೆಯಿಂದ ಹೊರಬೀಳುವ ವರ್ಷವೇ ಸೋದರತ್ತೆಯ ಮೇಲ್ಮನೆ ಸೀಟೂ ಖಾಲಿ. ಇನ್ನು ಅಧ್ಯಕ್ಷ ಸ್ಥಾನಕ್ಕೆ 40 ತುಂಬಿರಬೇಕು. 2028ರ ನಂತರದ ಅಧ್ಯಕ್ಷ ಚುನಾವಣೆ 2034ರ ಮೇ ತಿಂಗಳ ಎರಡನೇ ಸೋಮವಾರ. ಅವರಿಗೆ 40 ತುಂಬುವುದು ಅದೇ ವರ್ಷ ಮಾರ್ಚ್ 7ಕ್ಕೆ. ಎರಡು ತಿಂಗಳ ಅಂತರದಲ್ಲಿ ಪಾಸು! ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ, ಹುಟ್ಟಿದ ದಿನದ ಆಟ. ಆದರೆ ಮನಿಲಾದ ರಾಜಕೀಯದವರು ಈ ಲೆಕ್ಕ ಹಾಕದೇ ಇರುತ್ತಾರೆ ಅಂದುಕೊಳ್ಳಬೇಡಿ.

ವಯಸ್ಸಿನ ಈ ಲೆಕ್ಕಕ್ಕೆ ಅಲ್ಲಿ ಹಳೇ ಕಥೆ ಇದೆ. 1967ರಲ್ಲಿ ಬೆನಿಗ್ನೊ ಅಕಿನೊ ಸೆನೆಟ್‌ಗೆ ಗೆದ್ದಾಗ ಚುನಾವಣೆಯ ದಿನ ಅವರಿಗೆ ಇನ್ನೂ 34. ಕೆಲವೇ ದಿನದಲ್ಲಿ 35 ಆಯಿತು. ವಯಸ್ಸು ಸಾಲದು ಅಂತ ಎದುರಾಳಿಗಳು ದೂರು ಕೊಟ್ಟರು. ತೀರ್ಪು ಅಕಿನೊ ಕಡೆಗೇ ಬಂತು. ಸ್ಯಾಂಡ್ರೊ ಅವರ ಅಜ್ಜನಿಗೆ ಅತಿ ದೊಡ್ಡ ಎದುರಾಳಿಯಾಗಿ ಬೆಳೆದದ್ದು ಅದೇ ಅಕಿನೊ. ಈಗಿನ ಸಂವಿಧಾನ "ಚುನಾವಣೆಯ ದಿನ" ಅಂತ ಬಿಡಿಸಿ ಬರೆದಿದೆ, ಎಳೆದಾಡಲು ಜಾಗ ಇಲ್ಲ.

ಹಾಗಾದರೆ ಅವರ ಮುಂದಿನ ದಾರಿ? 2028ರಲ್ಲಿ ಮೂರನೇ ಅವಧಿಗೆ ನಿಲ್ಲುವುದು ಸುಲಭದ್ದು. ಆದರೆ ಆ ಜೂನ್ 30ಕ್ಕೆ ಅಪ್ಪ ಅರಮನೆ ಬಿಡಬೇಕು. ಅಲ್ಲಿ ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ. ದುತೆರ್ತೆ ಕಡೆಯವರು ಗೆದ್ದರೆ, ವಾಗ್ದಂಡನೆಗೆ ಮೊದಲ ಸಹಿ ಹಾಕಿದವರನ್ನು ಅವರು ಮರೆಯುವುದಿಲ್ಲ. ಮೆಜಾರಿಟಿ ಲೀಡರ್ ಹುದ್ದೆ ಹೋಗುತ್ತದೆ, ಹಳೇ ಕಡತಗಳು ತೆರೆದುಕೊಳ್ಳುತ್ತವೆ. ಈಗಾಗಲೇ 2025ರ ಕೊನೆಗೆ, ದೇಶ ಬಿಟ್ಟು ಹೋದ ಮಾಜಿ ಸಂಸದ ಜಾಲ್ಡಿ ಕೋ, ಬಜೆಟ್ಟಿನಲ್ಲಿ ಸ್ಯಾಂಡ್ರೊ ಕಾಮಗಾರಿಗಳನ್ನು ತುರುಕಿಸಿದರು ಅಂತ ಆರೋಪ ಮಾಡಿದ್ದಾರೆ. ಸ್ಯಾಂಡ್ರೊ ಅದನ್ನು ಅಲ್ಲಗಳೆದರು. ಡಿಸೆಂಬರ್‌ನಲ್ಲಿ ಕಾಮಗಾರಿ ತನಿಖೆಯ ಆಯೋಗದ ಮುಂದೆ ಹಾಜರಾದರು. ಆರೋಪ ಆರೋಪವೇ, ಸಾಬೀತಾದದ್ದಲ್ಲ. ಊರಿಗೆ ಮರಳಿ ಗವರ್ನರ್ ಆಗುವುದು ಇನ್ನೊಂದು ದಾರಿ. ಬಿರುಗಾಳಿ ಬಂದಾಗ ಮನೆತನಗಳು ಮಾಡುವುದೇ ಇದು, ಬೇರಿಗೆ ಹಿಂತಿರುಗುವುದು. ಆದರೆ ರಾಷ್ಟ್ರಮಟ್ಟದಲ್ಲಿ ಮುಖ ಮರೆಯಾಗುತ್ತದೆ. ಮತ್ತೆ ಆ ಕುರ್ಚಿಯ ಹತ್ತಿರ ಇಮೀ ಅವರ ಮಗ ಇದ್ದಾರೆ. ಇಮೀ ಈಗ ತಮ್ಮನ ವಿರುದ್ಧ ದುತೆರ್ತೆ ಜೊತೆ ನಿಂತವರು. 2025ರ ನವೆಂಬರ್‌ನಲ್ಲಿ ಸಾರ್ವಜನಿಕ ಸಭೆಯಲ್ಲೇ ತಮ್ಮನ ಕುಟುಂಬದ ಮೇಲೆ ಗಂಭೀರ ಆರೋಪ ಮಾಡಿದರು. ಸ್ಯಾಂಡ್ರೊ ಅದನ್ನು ಸುಳ್ಳು ಅಂದರು. ಮನೆತನ ಅಂದರೆ ಒಂದೇ ಮುಷ್ಟಿ ಅಂತ ನಾವು ಹೊರಗಿನವರು ಅಂದುಕೊಳ್ಳುತ್ತೇವೆ. ಆಸ್ತಿ ಪಾಲಿನ ಜಗಳ ಎಲ್ಲ ಮನೆಯಲ್ಲೂ ಇದ್ದದ್ದೇ.

ಈಗ ಆ ಮಸೂದೆಗೆ ಬರೋಣ. ಅಧಿಕಾರದಲ್ಲಿರುವವರ ಗಂಡ-ಹೆಂಡತಿ ಮತ್ತು ನಾಲ್ಕನೇ ಹಂತದವರೆಗಿನ ನೆಂಟರು ಒಂದೇ ಕಾಲಕ್ಕೆ ಹುದ್ದೆ ಹಿಡಿಯದಂತೆ ತಡೆಯುವುದು ಅದರ ತಿರುಳು. ಹಂತ ಎಣಿಸುವುದು ಹೀಗೆ: ಅಪ್ಪ-ಮಗ ಒಂದು. ಅಣ್ಣ-ತಮ್ಮ, ಅಜ್ಜ-ಮೊಮ್ಮಗ ಎರಡು. ಸೋದರತ್ತೆ, ಚಿಕ್ಕಪ್ಪ ಮೂರು. ಸೋದರತ್ತೆಯ ಮಕ್ಕಳು ನಾಲ್ಕು. ಇದನ್ನು ಸ್ಯಾಂಡ್ರೊ ಮೇಲೆ ಇಟ್ಟು ನೋಡಿ. ಅಪ್ಪ ಒಂದನೇ ಹಂತ, ಸಿಕ್ಕಿಬಿದ್ದರು. ಆದರೆ ಅಪ್ಪನ ಅವಧಿ 2028ಕ್ಕೆ ಮುಗಿಯುತ್ತದೆ. ಇಮೀ ಮೂರನೇ ಹಂತ, ಅವರದು 2031ಕ್ಕೆ ಮುಗಿಯುತ್ತದೆ. ಮ್ಯಾಥ್ಯೂ ನಾಲ್ಕನೇ ಹಂತ, ಅದು ನಿಜಕ್ಕೂ ತೊಡಕು. ರೊಮುವಾಲ್ಡೆಜ್? ಅಪ್ಪನ ಸೋದರಮಾವನ ಮಗ, ಮಗನ ಲೆಕ್ಕದಲ್ಲಿ ಐದು. ಎರಡನೇ ಕ್ಷೇತ್ರದ ಸಂಸದ ಆಂಜೆಲೊ ಬಾರ್ಬಾ ಅಪ್ಪನ ಸೋದರತ್ತೆಯ ಮಗ. ಅವರೂ ಐದು. ಗವರ್ನರ್ ಸೆಸಿಲಿಯಾ? ಮದುವೆಯ ನೆಂಟು, ಅದೂ ಐದು. ನಾವು ಚಿಕ್ಕಪ್ಪ, ದೊಡ್ಡಮ್ಮ ಅಂತ ಕರೆಯುವ ಎಷ್ಟೋ ಜನ ಕಾನೂನಿನ ಎಣಿಕೆಯಲ್ಲಿ ಗೆರೆಯ ಆಚೆ ನಿಲ್ಲುತ್ತಾರೆ. ಜೊತೆಗೆ "ಒಂದೇ ಕಾಲಕ್ಕೆ" ಅನ್ನುವುದು ದಪ್ಪ ವಂಶವನ್ನು ತಡೆಯುತ್ತದೆ. ಒಬ್ಬರಾದ ಮೇಲೆ ಒಬ್ಬರು ಬರುವ ತೆಳು ವಂಶವನ್ನು ಮುಟ್ಟುವುದಿಲ್ಲ.

ಹಾಗಂತ ಮಸೂದೆ ಬರೀ ನಾಟಕ ಅಂತ ತಳ್ಳಿಹಾಕುವವನು ನಾನಲ್ಲ. ನಾಲ್ಕನೇ ಹಂತ ಅನ್ನೋದು ಕಡಿಮೆ ಏನಲ್ಲ. ಗಂಡ ಮೇಯರ್, ಹೆಂಡತಿ ಉಪಮೇಯರ್, ಮಗ ಕೌನ್ಸಿಲರ್ ಇರುವ ಊರುಗಳು ಅಲ್ಲಿ ಬೇಕಾದಷ್ಟಿವೆ. ಅವರಿಗೆಲ್ಲ ದೊಡ್ಡ ಪೆಟ್ಟು. ಆದರೆ ಯಾವತ್ತೂ ಎರಡು ಸಂಗತಿ ನೋಡಿ: ಹಂತ ನಾಲ್ಕೇ ಉಳಿಯಿತಾ, ಎರಡಕ್ಕೆ ಇಳಿಯಿತಾ? ಸರದಿ ಪ್ರಕಾರ ಬರುವವರಿಗೂ ತಡೆ ಬಂತಾ? ವೇಳಾಪಟ್ಟಿಯ ಕೀಲಿ ಹಿಡಿದವರೇ ಮಂಡಿಸಿದ ಮಸೂದೆ ಇದು. "ಸಮಯ ಸಿಗಲಿಲ್ಲ" ಅನ್ನುವ ನೆಪ ಮಾತ್ರ ಅವರಿಗೆ ಸಿಗುವುದಿಲ್ಲ. ಹೆಸರಿನಿಂದ ಬಂದರಾ, ಯೋಗ್ಯತೆಯಿಂದ ಬಂದರಾ ಅನ್ನುವ ವಾದಕ್ಕಿಂತ ಅವರನ್ನು ಅಳೆಯಲು ನನಗೆ ಇದೇ ಒಳ್ಳೆ ಮೊಳಕೋಲು.

ಹೆಸರಿದ್ದವರೆಲ್ಲ ಒಂದೇ ಥರ ಅಂತಲೂ ತಿಳಿಯಬೇಡಿ. ಬಟಂಗಾಸ್‌ನ ಲಿಯಾಂಡ್ರೊ ಲೆವಿಸ್ಟೆ, 1993ರಲ್ಲಿ ಹುಟ್ಟಿದವರು, ಸೆನೆಟರ್ ಲೊರೆನ್ ಲೆಗಾರ್ಡಾ ಅವರ ಮಗ. ಸಂಸದರಾದ ಹೊಸದರಲ್ಲೇ, 2025ರ ಆಗಸ್ಟ್‌ನಲ್ಲಿ, ತಮಗೆ ಲಂಚ ಕೊಡಲು ಬಂದರು ಅಂತ ಸರ್ಕಾರಿ ಎಂಜಿನಿಯರ್ ಒಬ್ಬರನ್ನು ಪೊಲೀಸರಿಗೆ ಹಿಡಿದುಕೊಟ್ಟರು. ಪಾಸಿಗ್ ನಗರದ ಮೇಯರ್ ವೀಕೊ ಸೊಟ್ಟೊ ಅವರದೂ ಸಿನಿಮಾ ಮತ್ತು ರಾಜಕೀಯದ ಮನೆ. ಅವರು 2019ರಲ್ಲಿ ಸೋಲಿಸಿದ್ದು 27 ವರ್ಷ ಆ ನಗರ ಹಿಡಿದಿದ್ದ ಇನ್ನೊಂದು ಕುಟುಂಬವನ್ನು. ಮನಿಲಾದಲ್ಲಿ ಇವರನ್ನು ಇಷ್ಟಪಡದವರು ನಿಮಗೆ ಕಡಿಮೆ ಸಿಗುತ್ತಾರೆ.

ಕೊನೆಗೆ ನಿಮ್ಮ ವಿಷಯ. ಪ್ರತಿಭಟನೆ, ಮೆರವಣಿಗೆಗೆ ಹೋಗಲೇಬೇಡಿ, ಸಹೋದ್ಯೋಗಿ ಎಷ್ಟೇ ಕರೆದರೂ. ವಿದೇಶಿಯರು ರಾಜಕೀಯ ಸಭೆಯಲ್ಲಿ ಸೇರಬಾರದು ಅಂತ ಅಲ್ಲಿಯ ವಲಸೆ ಇಲಾಖೆಯ ನಿಯಮ ಇದೆ. ಮೀರಿದರೆ ವೀಸಾ ರದ್ದಾಗಿ ಊರಿಗೆ ಕಳಿಸಬಹುದು. "ಸುಮ್ನೆ ನೋಡೋಕೆ ಬಂದಿದ್ದೆ" ಅನ್ನುವುದು ಫೋಟೊದಲ್ಲಿ ಕಾಣುವುದಿಲ್ಲ. ಸೋಷಿಯಲ್ ಮೀಡಿಯಾದಲ್ಲಿ ಅಲ್ಲಿಯ ರಾಜಕಾರಣಿಗಳ ಹೆಸರು ಹಿಡಿದು ಬರೆಯುವುದೂ ಬೇಡ. ಅಲ್ಲಿ ಮಾನಹಾನಿ ಇನ್ನೂ ಕ್ರಿಮಿನಲ್ ಅಪರಾಧ, ಆನ್‌ಲೈನ್ ಆದರೆ ಶಿಕ್ಷೆ ಇನ್ನೂ ಜಾಸ್ತಿ. ಊಟದ ಮೇಜಿನ ಮೇಲಿನ ಮಾತು ಬೇರೆ. ಫಿಲಿಪ್ಪೀನ್ಸ್ ಜನ ಮಾತುಗಾರರು, ನಗಿಸಿಕೊಂಡೇ ರಾಜಕೀಯ ಮಾತಾಡುತ್ತಾರೆ. ತೀರ್ಪು ಕೊಡಬೇಡಿ, ಕೇಳಿ. ಸೇನಾಡಳಿತದ ಕಾಲದಲ್ಲಿ ಯಾರದೋ ಮನೆಯವರು ಜೈಲು ಕಂಡಿರಬಹುದು, ಇನ್ನಾರದೋ ಊರಿಗೆ ಅದೇ ಕಾಲದಲ್ಲಿ ರಸ್ತೆ ಬಂದಿರಬಹುದು. ಇಬ್ಬರೂ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

ಮಾತು ಶುರು ಮಾಡಲು ಒಂದು ಪ್ರಶ್ನೆ ಕೊಡುತ್ತೇನೆ. 2025ರ ಮೇನಲ್ಲಿ ಆ ಮೊದಲನೇ ಕ್ಷೇತ್ರದಲ್ಲಿ ಸ್ಯಾಂಡ್ರೊ ಎದುರು ಯಾರೂ ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ ಜಿದ್ದಾಜಿದ್ದಿ ನಡೆದ ಜಾಗದಲ್ಲೇ. ಅಲ್ಲಿ ಎದುರಾಳಿ ಇಲ್ಲದಿದ್ದರೂ ಮತಪತ್ರದಲ್ಲಿ ಹೆಸರು ಅಚ್ಚಾಗುತ್ತದೆ, ಗೆಲ್ಲಲು ಒಂದು ಓಟು ಸಾಕು. ಒಂದೇ ಹೆಸರು, ಪಕ್ಕದಲ್ಲಿ ಒಂದೇ ಗುಳಿ. ಲಾವಾಗ್‌ನ ಆ ಸಹೋದ್ಯೋಗಿ ಓಟಿಗೆ ಊರಿಗೆ ಹೋಗಿದ್ದರೆ ಕೇಳಿ ನೋಡಿ, ಹೇಳುವ ಮನಸ್ಸಿದ್ದರೆ ಹೇಳಲಿ: ಆ ಗುಳಿ ತುಂಬಿದಿರಾ, ಖಾಲಿ ಬಿಟ್ಟಿರಾ?